ಎಸ್‌ಎಸ್‌ಎಲ್‌ಸಿ ನಂತರದ ಎರಡು ವರ್ಷ: ಕಲಾ ವಿಭಾಗದಲ್ಲಿ ವಿಷಯಗಳ ಆಯ್ಕೆ ಕುರಿತು ಸದಸ್ಯರು ತಿಳಿದಿರಬೇಕಾದ ಅಂಶಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೊರಟ ಪೋಷಕರು ದಾರಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರನ್ನು ಕಂಡರೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಮಗಳನ್ನು ಯಾವುದಕ್ಕೆ ಸೇರಿಸೋಣ?” ಈ ಪ್ರಶ್ನೆಗೆ ಊರಿನಲ್ಲಿ ಸಿದ್ಧವಾಗಿರುವ ಉತ್ತರವೂ ಒಂದೇ. ಹೆಚ್ಚು ಅಂಕ ಬಂದರೆ ವಿಜ್ಞಾನ, ಸಾಧಾರಣವಾದರೆ ವಾಣಿಜ್ಯ, ಕಡಿಮೆಯಾದರೆ ಕಲೆ. ಈ ಉತ್ತರದಲ್ಲಿ ಕಲಾ ವಿಭಾಗವು ಉಳಿದವರಿಗೆ ಉಳಿದ ಜಾಗವಾಗುತ್ತದೆ. ಅದರೊಳಗೂ ಆಯ್ಕೆಯಿದೆ, ಆ ಆಯ್ಕೆಗೆ ಮುಂದಿನ ಬದುಕಿನಲ್ಲಿ ಬೆಲೆಯಿದೆ ಎಂಬುದು ಮರೆತುಹೋಗುತ್ತದೆ. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ, ಶೆಟ್ಟಿಕೆರೆಯಂತಹ ಹೋಬಳಿಗಳ ಸದಸ್ಯರ ಮಾತಿಗೆ ಇಂದಿಗೂ ತೂಕವಿರುವುದರಿಂದ, ಈ ವಿಷಯದ ಸ್ಪಷ್ಟ ತಿಳಿವಳಿಕೆ ಅವರಲ್ಲಿರುವುದು ಅಗತ್ಯ.

ಎರಡು ವರ್ಷದ ರಚನೆ

ಪದವಿಪೂರ್ವ ಶಿಕ್ಷಣದಲ್ಲಿ ವಿದ್ಯಾರ್ಥಿಯು ಎರಡು ಭಾಷೆ ಮತ್ತು ನಾಲ್ಕು ಐಚ್ಛಿಕ ವಿಷಯಗಳನ್ನು ಅಭ್ಯಾಸ ಮಾಡುತ್ತಾನೆ. ಪ್ರತಿ ವಿಷಯಕ್ಕೆ 100ರಂತೆ ಒಟ್ಟು 600 ಅಂಕಗಳು. ನಾಲ್ಕು ಐಚ್ಛಿಕ ವಿಷಯಗಳ ಗುಂಪನ್ನೇ ಸಂಯೋಜನೆ ಎನ್ನಲಾಗುತ್ತದೆ. ಕಲಾ ವಿಭಾಗದಲ್ಲಿ ಹೆಚ್ಚು ಪ್ರಚಲಿತವಾದದ್ದು ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರ. ಇವಲ್ಲದೆ ಭೂಗೋಳ, ಮನಃಶಾಸ್ತ್ರ, ಶಿಕ್ಷಣಶಾಸ್ತ್ರ, ತರ್ಕಶಾಸ್ತ್ರ ಮತ್ತು ಐಚ್ಛಿಕ ಕನ್ನಡ ಮುಂತಾದ ವಿಷಯಗಳೂ ಪಠ್ಯಕ್ರಮದಲ್ಲಿವೆ. ಭೂಗೋಳ ಮತ್ತು ಮನಃಶಾಸ್ತ್ರಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ.

ಇಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದಾಗಿ, ಪ್ರಥಮ ವರ್ಷದಲ್ಲಿ ತೆಗೆದುಕೊಂಡ ವಿಷಯಗಳೇ ದ್ವಿತೀಯ ವರ್ಷಕ್ಕೂ ಮುಂದುವರಿಯುತ್ತವೆ. ಜೂನ್ ತಿಂಗಳಲ್ಲಿ ಒಂದು ದಿನ ಅರ್ಜಿಯಲ್ಲಿ ಬರೆದದ್ದು ಎರಡು ವರ್ಷಗಳ ಓದನ್ನು ನಿರ್ಧರಿಸುತ್ತದೆ. ಎರಡನೆಯದಾಗಿ, ಎಲ್ಲ ಕಾಲೇಜುಗಳಲ್ಲಿ ಎಲ್ಲ ಸಂಯೋಜನೆಗಳು ಇರುವುದಿಲ್ಲ. ಉಪನ್ಯಾಸಕರು ಇರುವ ವಿಷಯಗಳನ್ನಷ್ಟೇ ಬೋಧಿಸಲು ಸಾಧ್ಯ. ಹೀಗಾಗಿ ಹಳ್ಳಿಯ ವಿದ್ಯಾರ್ಥಿಯ ಮಟ್ಟಿಗೆ ಕಾಲೇಜಿನ ಆಯ್ಕೆಯೇ ಬಹುಪಾಲು ವಿಷಯದ ಆಯ್ಕೆಯಾಗುತ್ತದೆ. ಭೂಗೋಳ ಓದಬೇಕೆಂಬ ವಿದ್ಯಾರ್ಥಿನಿಯನ್ನು ಸಮೀಪವೆಂಬ ಕಾರಣದಿಂದ ಭೂಗೋಳವಿಲ್ಲದ ಕಾಲೇಜಿಗೆ ಸೇರಿಸಿದರೆ, ಆಕೆಯ ಆಯ್ಕೆಯನ್ನು ಬಸ್ಸಿನ ವೇಳಾಪಟ್ಟಿ ಮಾಡಿದಂತಾಗುತ್ತದೆ.

ತೆರೆಯುವ ಮತ್ತು ಮುಚ್ಚುವ ಬಾಗಿಲುಗಳು

ಕಲಾ ವಿಭಾಗದಿಂದ ಕೆಲವು ಬಾಗಿಲುಗಳು ಮುಚ್ಚುತ್ತವೆ ಎಂಬುದನ್ನು ಪೋಷಕರಿಂದ ಮರೆಮಾಚಬಾರದು. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಬೇಕು. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು. ಬಿ.ಎಸ್ಸಿ. ಕೃಷಿ ಪದವಿಗೂ ವಿಜ್ಞಾನ ವಿಭಾಗದ ಓದು ಬೇಕು. ಆ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು ಸ್ಥಾನಗಳಿದ್ದು, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ತೋಟದಲ್ಲಿ ಬೆಳೆದು ಕೃಷಿ ಪದವಿಯ ಆಸೆಯಿರುವ ವಿದ್ಯಾರ್ಥಿಯನ್ನು ತಿಳಿಯದೆ ಕಲಾ ವಿಭಾಗಕ್ಕೆ ಸೇರಿಸಿದರೆ ಈ ಅವಕಾಶ ಕೈತಪ್ಪುತ್ತದೆ.

ಆದರೆ ಮುಚ್ಚಿವೆ ಎಂದು ಜನರು ಭಾವಿಸಿರುವ ಅನೇಕ ಬಾಗಿಲುಗಳು ತೆರೆದೇ ಇವೆ. ಪ್ರಾಥಮಿಕ ಶಾಲಾ ಶಿಕ್ಷಕರ ಡಿ.ಇಎಲ್.ಇಡಿ. ತರಬೇತಿಗೆ ಯಾವುದೇ ವಿಭಾಗದಲ್ಲಿ ಓದಿದವರೂ ಅರ್ಹರು. ಸಾಮಾನ್ಯ ವರ್ಗಕ್ಕೆ ಶೇ. 50 ಅಂಕ ಬೇಕು, ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಐದು ವರ್ಷದ ಕಾನೂನು ಪದವಿಗೂ ವಿಭಾಗದ ನಿರ್ಬಂಧವಿಲ್ಲ. ಸಾಮಾನ್ಯ ವರ್ಗಕ್ಕೆ ಶೇ. 45 ಸಾಕು. ಲೆಕ್ಕಪರಿಶೋಧಕರ ಪ್ರವೇಶ ಹಂತದ ಪರೀಕ್ಷೆಯನ್ನೂ ಯಾವುದೇ ವಿಭಾಗದವರು ಬರೆಯಬಹುದು. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹುದ್ದೆಯಿಂದ ಕೆಎಎಸ್‌ವರೆಗೆ ಕೇಳುವುದು ಯಾವುದಾದರೂ ಒಂದು ಪದವಿಯನ್ನು.

ಶುಶ್ರೂಷಕಿಯಾಗಬೇಕೆಂಬ ವಿದ್ಯಾರ್ಥಿನಿಯ ಉದಾಹರಣೆಯನ್ನು ಗಮನಿಸಬಹುದು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ವಿಜ್ಞಾನ ವಿಷಯಗಳು ಅವಶ್ಯ. ಆದರೆ ಮೂರು ವರ್ಷದ ಜಿಎನ್‌ಎಂ ತರಬೇತಿಗೆ ಕಲಾ ವಿಭಾಗದವರೂ ಅರ್ಹರು. ಅಲ್ಲಿ ಇಂಗ್ಲಿಷ್ ವಿಷಯದ ಅಂಕವೂ ಮುಖ್ಯವಾಗುತ್ತದೆ. ಜಿಎನ್‌ಎಂ ಮುಗಿಸಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಅಂದರೆ ಕಲಾ ವಿಭಾಗದ ವಿದ್ಯಾರ್ಥಿನಿಯು ಅದೇ ಪದವಿಯನ್ನು ಒಂದು ವರ್ಷ ತಡವಾಗಿ ತಲುಪಬಹುದು. ಈ ಮಾಹಿತಿ ಇಲ್ಲದೆ ಆಸೆಯನ್ನೇ ಬಿಟ್ಟುಕೊಡುವ ಕಾರಣವಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಮರ್ಯಾದೆಯ ಪ್ರಶ್ನೆಯೆಂದು ಇಷ್ಟವಿಲ್ಲದ ವಿದ್ಯಾರ್ಥಿಯನ್ನು ವಿಜ್ಞಾನಕ್ಕೆ ಸೇರಿಸಲಾಗುತ್ತದೆ. ಆತ ಶೇ. 40ರ ಆಸುಪಾಸಿನಲ್ಲಿ ತೇರ್ಗಡೆಯಾದರೆ, ಸಾಮಾನ್ಯ ವರ್ಗದವನಾಗಿದ್ದಲ್ಲಿ ಎಂಜಿನಿಯರಿಂಗ್‌ಗೂ ಅರ್ಹನಾಗುವುದಿಲ್ಲ, ಡಿ.ಇಎಲ್.ಇಡಿ.ಗೂ ಆಗುವುದಿಲ್ಲ, ಕಾನೂನಿಗೂ ಆಗುವುದಿಲ್ಲ. ಇಷ್ಟಪಟ್ಟು ಕಲಾ ವಿಭಾಗದಲ್ಲಿ ಶೇ. 60 ಪಡೆದವನ ಮುಂದೆ ಇವನಿಗಿಂತ ಹೆಚ್ಚು ದಾರಿಗಳಿರುತ್ತವೆ.

ಯಾವ ವಿಷಯ ಏನನ್ನು ಕಲಿಸುತ್ತದೆ

ವಿಷಯಗಳ ಹೆಸರು ಕೇಳಿ ಪೋಷಕರಿಗೆ ಅರ್ಥವಾಗದಿರಬಹುದು. ಊರಿನ ವ್ಯವಹಾರದಿಂದಲೇ ವಿವರಿಸಿದರೆ ತಿಳಿಯುತ್ತದೆ.

ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕ್ವಿಂಟಲ್‌ಗೆ 12,000 ರೂಪಾಯಿ, 2025ರಲ್ಲಿ 12,100 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತು. ಬೆಂಬಲ ಬೆಲೆ ಏಕೆ ಬೇಕು, ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿಳಿದಾಗ ನಾಫೆಡ್ ಖರೀದಿ ಏನು ಮಾಡುತ್ತದೆ, ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಇಟ್ಟುಕೊಳ್ಳುವ ಶಕ್ತಿ ಇರುವ ರೈತನಿಗೂ ಇಲ್ಲದ ರೈತನಿಗೂ ಸಿಗುವ ಬೆಲೆ ಏಕೆ ಬೇರೆ ಎಂಬುದು ಅರ್ಥಶಾಸ್ತ್ರ.

ಗ್ರಾಮ ಪಂಚಾಯತಿಯ ಅಧಿಕಾರ ಎಲ್ಲಿಂದ ಬಂತು, ಸಂವಿಧಾನದ 73ನೇ ತಿದ್ದುಪಡಿ ಏನು ಹೇಳಿತು, ಕರ್ನಾಟಕದ 1993ರ ಅಧಿನಿಯಮ ಏನು ಮಾಡಿತು, ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಏಕೆ ಮೀಸಲಾಯಿತು ಎಂಬುದು ರಾಜ್ಯಶಾಸ್ತ್ರ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಟ್ಟಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಏಕಿದೆ, ಕೆರೆ ತುಂಬಿದ ವರ್ಷ ಕೊಳವೆಬಾವಿಯ ನೀರು ಏಕೆ ಮೇಲೇರುತ್ತದೆ ಎಂಬುದು ಭೂಗೋಳ. ಯುವಕರು ಬೆಂಗಳೂರಿಗೆ ಹೋದ ಮೇಲೆ ಊರಿನಲ್ಲಿ ಉಳಿದ ವೃದ್ಧರ ಸ್ಥಿತಿಯನ್ನು ವಿಚಾರಿಸುವುದು ಸಮಾಜಶಾಸ್ತ್ರ. ಕೆರೆ ಕಟ್ಟಿಸಿದ ಶಾಸನ, ದೇಗುಲ ಮತ್ತು ಸಂತೆಗಳ ಹಿಂದಿನ ಕಾಲವನ್ನು ಓದುವುದು ಇತಿಹಾಸ.

ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರಾಗಬಯಸುವವರಿಗೆ ಪದವಿಯಲ್ಲಿ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಂತಹ ವಿಷಯಗಳ ಓದು ಬೇಕಾಗುತ್ತದೆ. ರಾಜ್ಯದಲ್ಲಿ 2024-25ರಿಂದ ಮೂರು ವರ್ಷದ ಪದವಿಯಲ್ಲಿ ಮೂರು ವಿಷಯಗಳ ಪದ್ಧತಿ ಮರಳಿ ಬಂದಿದೆ. ಪದವಿಪೂರ್ವ ಹಂತದ ನಾಲ್ಕರಲ್ಲಿ ಮೂರನ್ನು ಅಲ್ಲಿ ಮುಂದುವರಿಸುವ ಸಾಧ್ಯತೆಯನ್ನು ಈಗಲೇ ಯೋಚಿಸುವುದು ಒಳಿತು.

ವಿದ್ಯಾರ್ಥಿಯ ಒಲವನ್ನು ತಿಳಿಯುವ ಬಗೆ

ಇದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕಿಲ್ಲ. ಹತ್ತನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಎಂಬ ಆರು ಭಾಗಗಳಿವೆ. ವಿದ್ಯಾರ್ಥಿಯು ಯಾವ ಭಾಗವನ್ನು ಯಾರೂ ಹೇಳದೆ ಓದಿದ, ಯಾವುದನ್ನು ಬಾಯಿಪಾಠ ಮಾಡಿ ಮುಗಿಸಿದ ಎಂದು ಕೇಳಿದರೆ ಅರ್ಧ ಉತ್ತರ ದೊರೆಯುತ್ತದೆ. ಉಳಿದರ್ಧವನ್ನು ಶಾಲೆಯ ಶಿಕ್ಷಕರು ಹೇಳಬಲ್ಲರು. ಒಟ್ಟು ಅಂಕವೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ.

ಬೆಲೆ ಕುಸಿದ ವರ್ಷದ ತೀರ್ಮಾನ

ಕೊಬ್ಬರಿ ಬೆಲೆ ಕುಸಿದ ವರ್ಷ ಮನೆಯಲ್ಲಿ ಮೊದಲು ಬದಲಾಗುವ ತೀರ್ಮಾನಗಳಲ್ಲಿ ಮಗಳ ಓದೂ ಒಂದು. ಮಗನನ್ನು ದೂರದ ಕಾಲೇಜಿಗೆ ಕಳುಹಿಸಿ, ಮಗಳನ್ನು ಸಮೀಪದಲ್ಲಿ ಸಿಕ್ಕ ವಿಷಯಕ್ಕೆ ಸೇರಿಸುವ ಅಥವಾ ಒಂದು ವರ್ಷ ನಿಲ್ಲಿಸುವ ಮಾತು ಬರುತ್ತದೆ. ನಿಲ್ಲಿಸಿದ ಒಂದು ವರ್ಷ ಅನೇಕ ಮನೆಗಳಲ್ಲಿ ಮದುವೆಯ ಮಾತುಕತೆಯಲ್ಲಿ ಮುಗಿಯುತ್ತದೆ. ಹೆಣ್ಣಿಗೆ 18 ವರ್ಷ ತುಂಬುವ ಮೊದಲಿನ ಮದುವೆ ಕಾನೂನುಬಾಹಿರ ಎಂಬುದನ್ನು ಸದಸ್ಯರು ಇಲ್ಲಿ ನೆನಪಿಸಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿರುವುದರಿಂದ, ತಿಪಟೂರು ಅಥವಾ ಚಿಕ್ಕನಾಯಕನಹಳ್ಳಿಗೆ ಹೋಗುವ ಬಸ್ ಖರ್ಚನ್ನು ಕಾರಣವಾಗಿ ಹೇಳಬೇಕಾಗಿಲ್ಲ. ಬಸ್ಸಿನ ಸಮಯ ಹೊಂದದಿದ್ದರೆ ಅದು ಪಂಚಾಯತಿಯು ಸಾರಿಗೆ ಘಟಕಕ್ಕೆ ಪತ್ರ ಬರೆದು ಕೇಳಬಹುದಾದ ವಿಷಯ.

ಗ್ರಾಮ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

1. ಸುತ್ತಮುತ್ತಲ ಪದವಿಪೂರ್ವ ಕಾಲೇಜುಗಳಲ್ಲಿ ಲಭ್ಯವಿರುವ ಸಂಯೋಜನೆಗಳು, ಶುಲ್ಕ ಮತ್ತು ಬಸ್ ಸಮಯಗಳ ಪಟ್ಟಿಯನ್ನು ಫಲಿತಾಂಶಕ್ಕೆ ಮುಂಚೆಯೇ ಸಿದ್ಧಪಡಿಸಿ, ಪಂಚಾಯತಿ ಕಚೇರಿ ಮತ್ತು ಅರಿವು ಕೇಂದ್ರದ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

2. ಮಕ್ಕಳ ಗ್ರಾಮ ಸಭೆಯಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳ ಮುಂದಿನ ಓದಿನ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವುದು.

3. ಪ್ರಥಮ ಮತ್ತು ದ್ವಿತೀಯ ಪಿಯುಸಿ ಪಠ್ಯಪುಸ್ತಕಗಳ ಒಂದೊಂದು ಪ್ರತಿಯನ್ನು ಅರಿವು ಕೇಂದ್ರದಲ್ಲಿ ಇರಿಸಿ, ಆಯ್ಕೆಗೆ ಮುನ್ನ ವಿದ್ಯಾರ್ಥಿಗಳು ತಿರುವಿ ನೋಡಲು ಅನುಕೂಲ ಮಾಡುವುದು.

4. ಪ್ರತಿ ವಾರ್ಡಿನಲ್ಲಿ ಹತ್ತನೆಯ ತರಗತಿ ಮುಗಿಸಿದವರ ಪಟ್ಟಿ ಇಟ್ಟುಕೊಂಡು, ಜುಲೈ ಅಂತ್ಯದೊಳಗೆ ಎಲ್ಲಿಯೂ ಸೇರದವರ ಮನೆಗೆ ಸದಸ್ಯರು ಖುದ್ದಾಗಿ ಭೇಟಿ ನೀಡುವುದು.

5. ಆಯ್ಕೆಯ ಮಾತುಕತೆಯಲ್ಲಿ ವಿದ್ಯಾರ್ಥಿಯೂ ಹಾಜರಿರುವಂತೆ ನೋಡಿಕೊಳ್ಳುವುದು.

ಕೊನೆಯ ಅಂಶವು ಸಣ್ಣದಾಗಿ ಕಾಣಬಹುದು. ಪೋಷಕರು ಸದಸ್ಯರ ಬಳಿ ಮಾತನಾಡುತ್ತಿರುವಾಗ ವಿದ್ಯಾರ್ಥಿನಿಯು ಬಾಗಿಲ ಬಳಿ ಸುಮ್ಮನೆ ನಿಂತಿರುವುದು ಸಾಮಾನ್ಯ ದೃಶ್ಯ. “ಮಗಳನ್ನು ಯಾವುದಕ್ಕೆ ಸೇರಿಸೋಣ?” ಎಂದು ಕೇಳಿದವರಿಗೆ ಉತ್ತರಿಸುವ ಮೊದಲು ಸದಸ್ಯರು ಆಕೆಯ ಕಡೆಗೆ ತಿರುಗಿ, “ನಿನಗೆ ಯಾವುದು ಓದಬೇಕು ಅನ್ನಿಸುತ್ತಮ್ಮಾ?” ಎಂದು ಕೇಳತಕ್ಕದ್ದು. ಅಲ್ಲಿಂದ ಮುಂದಿನ ಮಾತಿಗೆ ಮೇಲಿನ ಮಾಹಿತಿ ಉಪಯೋಗಕ್ಕೆ ಬರುತ್ತದೆ.