ಸೋರುವ ಮಾಳಿಗೆಗೆ ಗಿಟಾರಿನ ಸಾಥ್

ರಘು ದೀಕ್ಷಿತ್ ತಮ್ಮದೇ ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದರ ಎಂಟು ಹಾಡುಗಳಲ್ಲಿ ಹಿಂದಿಯವೇ ಹೆಚ್ಚು, ಇಂಗ್ಲಿಷಿನವು ಎರಡು, ಕನ್ನಡದವು ಎರಡು. ಕನ್ನಡದ ಎರಡೂ ಶಿಶುನಾಳ ಶರೀಫರ ತತ್ವಪದಗಳು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಆಲ್ಬಮ್ಮಿನ ಜೀವವಿರುವುದೂ ಈ ಎರಡರಲ್ಲೇ.

ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ಮೊದಲು ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಗಿಟಾರ್ ಕೈಗೆ ಬಂದದ್ದು ಕಾಲೇಜಿನ ದಿನಗಳ ಒಂದು ಪಂಥದಿಂದ. ಬೆಲ್ಜಿಯಂನಲ್ಲಿ ಕೆಲಸ ಮಾಡಿ ಮರಳಿದವರು ಬೆಂಗಳೂರಿನಲ್ಲಿ ನೆಲೆಯೂರಿದರು. ‘ಅಂತರಾಗ್ನಿ’ ತಂಡ ಕಟ್ಟಿ ವೇದಿಕೆಗಳಲ್ಲಿ ಹಾಡಿದರೂ ಆಲ್ಬಂ ಹೊರತರಲು ವರ್ಷಗಟ್ಟಲೆ ಯಾವ ಕಂಪನಿಯೂ ಮುಂದಾಗಲಿಲ್ಲ. ಸಿನಿಮಾ ಹಾಡೇ ಮಾರುಕಟ್ಟೆಯನ್ನು ಆಳುತ್ತಿದ್ದ ಕಾಲವದು. ಕೊನೆಗೆ ಕೈಹಿಡಿದವರು ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ. ತಮ್ಮದೇ ಸಂಸ್ಥೆಯಿಂದ ಅವರು ಆಲ್ಬಂ ಹೊರತಂದರು.

ಶರೀಫರ ಪದಗಳಿಗೆ ಆಗಲೇ ಮನೆಮನೆಯ ಪರಿಚಯವಿತ್ತು. ಸಿ. ಅಶ್ವಥ್ ಅವುಗಳನ್ನು ನಾಡಿನ ತುಂಬ ಹರಡಿದ್ದರು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬಂದಿತ್ತು. ಆದರೆ ‘ಸೋರುತಿಹುದು’ ಪದದ ಅರ್ಥ ಕ್ಯಾಸೆಟ್ಟಿನಲ್ಲಿ ಕೇಳಿದಾಗ ಒಂದು ಬಗೆ, ಮೂಡಲಗಿ ತಾಲ್ಲೂಕಿನ ಕೌಜಲಗಿಯಂಥ ಊರಿನಲ್ಲಿ ಕೇಳಿದಾಗ ಇನ್ನೊಂದು ಬಗೆ. ಈ ಸೀಮೆಯ ಹಳೆಯ ಮನೆಗಳು ಮೇಲ್ಮುದ್ದೆಯವು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆ ಹಾಸಿ ದಪ್ಪಗೆ ಮಣ್ಣು ಹೇರಿದ ಸಪಾಟು ಮಾಳಿಗೆ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಬಡಿಯಬೇಕು, ಬೇರುಬಿಟ್ಟ ಹುಲ್ಲನ್ನು ಕಿತ್ತೆಸೆಯಬೇಕು, ಇರುವೆ ಗೂಡು ಮಾಡಿದಲ್ಲಿ ಮುಚ್ಚಬೇಕು. ಅಷ್ಟಾದರೂ ನಡುರಾತ್ರಿ ಹನಿ ತೊಟ್ಟಿಕ್ಕಿದರೆ ಯಾರಾದರೂ ಕತ್ತಲಲ್ಲೇ ಮೇಲೆ ಹತ್ತಿ, ಸೋರುವ ಜಾಗವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಪದದಲ್ಲಿ ಇದೆಲ್ಲವೂ ಇದೆ: ಮುರಿದ ತೊಲೆ, ಹುಳು ತಿಂದ ಜಂತಿ, ಹುಲ್ಲು, ಇರುವೆ, ನೀರಿಗೆ ಕರಗುವ ಮಣ್ಣು, ಕತ್ತಲಲ್ಲಿ ಮೇಲೇರಲಾರದ ಮನುಷ್ಯ. ಅಜ್ಞಾನದ ಮಾತು ಅದರ ಬೆನ್ನಿಗೇ ಬರುತ್ತದೆ. ಮಾಳಿಗೆಯ ಕಷ್ಟ ಇಷ್ಟು ಖರೆಯಾಗಿರುವುದರಿಂದಲೇ ತತ್ವವೂ ನಾಟುತ್ತದೆ. ಆರ್‌ಸಿಸಿ ಛಾವಣಿಯ ಕೆಳಗೆ ಬೆಳೆದ ಕೇಳುಗರಿಗೆ ಈ ಅರ್ಧ ಸಂಗತಿ ತಪ್ಪಿಹೋಗುತ್ತದೆ ಎಂಬುದು ಬೇಸರದ ವಿಷಯ.

ಕೌಜಲಗಿ ಹಾಡಿಕೆಯ ಊರು. ಕೃಷ್ಣ ಪಾರಿಜಾತಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮ ಇಲ್ಲಿಯವರು. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಹತ್ತಿರದಲ್ಲೇ ಇದೆ. ರಾತ್ರಿಯಿಡೀ ನಡೆಯುವ ಪಾರಿಜಾತವಾಗಲಿ, ಏಕತಾರಿ–ದಮ್ಮಡಿಯ ಭಜನೆಯಾಗಲಿ, ಗಂಟಲು ಬಿಚ್ಚಿ ಹಾಡುವವರನ್ನೇ ಬೇಡುತ್ತದೆ. ರಘು ಅವರದೂ ಅಂಥದೇ ತೆರೆದ ಕಂಠ. ಗಿಟಾರ್, ಬಾಸ್, ಡ್ರಮ್ಸ್ ಜೊತೆಗೂಡಿದರೂ ದನಿ ಪೇಟೆಯದಾಗಲಿಲ್ಲ. ಆಲ್ಬಂ ಕಸಿದುಕೊಂಡದ್ದು ಸಮಯವನ್ನು. ಭಜನೆಯಲ್ಲಿ ಒಂದು ನುಡಿಯನ್ನು ಮನಸ್ಸು ತುಂಬುವವರೆಗೆ ತಿರುಗಿಸಿ ಹಾಡಬಹುದು. ಧ್ವನಿಮುದ್ರಣದಲ್ಲಿ ಕೆಲವೇ ನಿಮಿಷಕ್ಕೆ ಮುಗಿಸಬೇಕು. ‘ಗುಡುಗುಡಿ’ಗೆ ಆ ಬಿಗಿ ಹೊಂದುತ್ತದೆ. ಮೋಹವನ್ನೇ ಭಂಗಿ ಮಾಡಿ ಸೇದಿಬಿಡು ಎನ್ನುವ ಪದಕ್ಕೆ ಕುಣಿತದ ಲಯ ಸಹಜ. ‘ಸೋರುತಿಹುದು’ ಇನ್ನಷ್ಟು ಹೊತ್ತು ಸೋರಬೇಕಿತ್ತು.

ಇಂಥ ಪ್ರಯೋಗ ಲ್ಯಾಟಿನ್ ಅಮೆರಿಕದಲ್ಲಿ ಮೊದಲೇ ಫಲಿಸಿತ್ತು. ಕೊಲಂಬಿಯಾದ ಕಾರ್ಲೋಸ್ ವೀವೆಸ್ 1993ರ ‘ಕ್ಲಾಸಿಕೋಸ್ ದೆ ಲಾ ಪ್ರೊವಿನ್ಸಿಯಾ’ ಆಲ್ಬಮ್ಮಿನಲ್ಲಿ ತಮ್ಮ ಸೀಮೆಯ ಹಳೆಯ ವಾಯೆನಾತೊ ಹಾಡುಗಳನ್ನೇ ಎತ್ತಿಕೊಂಡು, ಅಕಾರ್ಡಿಯನ್ ಬಿಡದೆ ರಾಕ್ ವಾದ್ಯಗಳನ್ನು ಕೂಡಿಸಿದರು. ಆ ಹಾಡುಗಳು ದೇಶದ ಗಡಿ ದಾಟಿದವು.

ರಘು ಅವರ ಆಲ್ಬಂ ಕೂಡ ದೂರ ಹೋಯಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿದ ಮೇಲೆ ಬ್ರಿಟನ್ನಿನಲ್ಲಿ ಅದಕ್ಕೆ ಬೇಡಿಕೆ ಬಂತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿಯೂ ದೊರೆಯಿತು. ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ ಬಂದಾಗ ಅದರಲ್ಲೂ ಶರೀಫರಿಗೆ ಜಾಗವಿತ್ತು: ‘ಲೋಕದ ಕಾಳಜಿ’.