ತಗಡಿನ ಬಾಗಿಲು ತಟ್ಟುವ ಅಕ್ಕ

ಮುಂಬಯಿ ಕನ್ನಡಿಗರೆಂದೊಡನೆ ಹೊಟೇಲು, ಬ್ಯಾಂಕು, ಯಕ್ಷಗಾನ, ಸಂಘ-ಸಂಸ್ಥೆಗಳು ನೆನಪಾಗುವುದು ಸಹಜ. ಆದರೆ ಬೆಳಿಗ್ಗೆ ನಾಕಾಗಳಲ್ಲಿ ಬುತ್ತಿಗಂಟು ಹಿಡಿದು ಮೇಸ್ತ್ರಿಗಾಗಿ ಕಾಯುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ದಂಪತಿಗಳೂ ಕನ್ನಡಿಗರೇ. ಯಾವ ಸಂಘದ ಸದಸ್ಯತ್ವ ಪಟ್ಟಿಯಲ್ಲೂ ಇವರ ಹೆಸರಿರುವುದು ಅಪರೂಪ. ಇವರ ಕಷ್ಟ-ಸುಖ ಕೇಳಲು ಮನೆತನಕ ಬರುವವರು ಸೇವಾ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತೆಯರು.

ನವಿಮುಂಬಯಿಯಲ್ಲಿ ಈ ಕೆಲಸದಲ್ಲಿರುವ ಕರಾವಳಿ ಮೂಲದ ಸಹೋದರಿಯೊಬ್ಬರ ಜೊತೆ ಒಂದು ಮಧ್ಯಾಹ್ನ ತಿರುಗಾಡುವ ಅವಕಾಶ ಸಿಕ್ಕಿತು. ತಮ್ಮ ಹೆಸರು ಬರೆಯಬಾರದೆಂಬುದು ಅವರ ಷರತ್ತು. ತಮ್ಮ ಹೆಸರು ಬಂದರೆ ತಾವು ಹೋಗುವ ಮನೆಗಳ ಗುರುತೂ ಸಿಗುತ್ತದೆ ಎನ್ನುತ್ತಾರೆ ಅವರು.

ಕಟ್ಟಡ ಕಾಮಗಾರಿಯ ಬದಿಯಲ್ಲಿ ತಗಡಿನ ಮನೆಗಳ ಸಾಲು. ಮೊದಲ ಸಲ ಹೋದಾಗ ಹೆಚ್ಚಿನ ಮನೆಗಳಲ್ಲಿ ಸಿಗುವುದು ಒಂದೇ ಉತ್ತರ: "ಎಲ್ಲಾ ಚಲೋ ಐತ್ರಿ ಅಕ್ಕಾ." ಬಂದವರು ಪಾಲಿಕೆಯವರೋ, ಮನೆ ಕೆಡಹುವವರೋ ಎಂಬ ಭಯ. ಅದಕ್ಕೇ ಈಕೆ ಮೊದಲ ದಿನ ಚೀಲದಿಂದ ಪುಸ್ತಕ ತೆಗೆಯುವುದೇ ಇಲ್ಲ. ಊರು ಯಾವುದು, ಮಳೆ ಬಂತೇ, ಜೋಳ ಹೇಗಿದೆ ಎಂದು ವಿಚಾರಿಸಿ ಬರುತ್ತಾರೆ. ಮನೆಯಲ್ಲಿ ತುಳು ಮಾತನಾಡುವ ಈಕೆ ಆ ಕಡೆಯ ಕನ್ನಡವನ್ನು ಈ ಹೆಂಗಸರಿಂದಲೇ ಕಲಿತವರು.

ಯಾದಗಿರಿ ಕಡೆಯ ಒಂದು ಮನೆಗೆ ಅವರು ನಾಲ್ಕು ಸಲ ಹೋಗಬೇಕಾಯಿತು. ನಾಲ್ಕನೆಯ ಸಲ ತಾಯಿ ಮಗುವನ್ನು ಮುಂದೆ ತಂದು ಕೂರಿಸಿದಳು. ಹದಿನಾಲ್ಕು ತಿಂಗಳ ಮಗುವಿನ ತೋಳಿಗೆ ಅಳತೆಪಟ್ಟಿ ಸುತ್ತಿದರೆ ಮುಳ್ಳು ಕೆಂಪು ಭಾಗದಲ್ಲಿ ನಿಂತಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಆಸ್ಪತ್ರೆ ಎಂದೊಡನೆ ತಾಯಿ ಕೇಳಿದ್ದು, "ಅಲ್ಲಿ ಕುಂತ್ರ ಕೂಲಿ ಯಾರ್ ಕೊಡ್ತಾರ್ರೀ?"

ಈ ಪ್ರಶ್ನೆಗೆ ಉಪದೇಶ ಉತ್ತರವಲ್ಲ. ಗಂಡ ಪರಾತಿಯಿಂದ ಬಿದ್ದು ಕೆಲಸಕ್ಕೆ ಹೋಗದೆ ಮೂರು ತಿಂಗಳಾಗಿತ್ತು, ಆಕೆಯೊಬ್ಬಳದೇ ದುಡಿಮೆ. ಕಾರ್ಯಕರ್ತೆ ಒಂದು ದಿನದ ಮಟ್ಟಿಗೆ ಒಪ್ಪಿಸಿ ತಾವೇ ಜೊತೆಗೆ ಹೋದರು. ಮಗುವಿಗೆ ಬೇರೆ ಕಾಯಿಲೆಯಿಲ್ಲ, ಹಸಿವೆಯಿದೆ, ಹಾಗಾಗಿ ಮನೆಯಲ್ಲೇ ಆರೈಕೆ ಮಾಡಿ ವಾರಕ್ಕೊಮ್ಮೆ ತೋರಿಸಿದರೆ ಸಾಕೆಂದು ವೈದ್ಯರು ಹೇಳಿದರು. ಆ ಮಾತನ್ನು ಕನ್ನಡದಲ್ಲಿ ತಿಳಿಸಲು ಅಲ್ಲಿ ಈಕೆಯ ಹೊರತು ಯಾರೂ ಇರಲಿಲ್ಲ.

ಮುಂದಿನ ಚಿಂತೆ ಕಾಳಿನದು. ರೇಷನ್ ಕಾರ್ಡು ಊರಿನಲ್ಲಿ ಅತ್ತೆಯ ಬಳಿ ಇತ್ತು. ಇಲ್ಲಿ ಅದು ನಡೆಯುವುದಿಲ್ಲವೆಂದು ತಿಳಿದು ಈ ಸಂಸಾರ ಅಂಗಡಿಯಿಂದಲೇ ಅಕ್ಕಿ ಕೊಳ್ಳುತ್ತಿತ್ತು. 'ಒಂದು ದೇಶ ಒಂದು ರೇಷನ್ ಕಾರ್ಡು' ಯೋಜನೆ 2022ರಲ್ಲಿ ದೇಶದ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದೆ. 2013ರ ಆಹಾರ ಭದ್ರತಾ ಕಾಯ್ದೆಯಡಿಯ ಕಾರ್ಡಿನವರು ಆಧಾರ್ ಜೋಡಣೆಯಾಗಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳೊತ್ತಿ ಧಾನ್ಯ ಪಡೆಯಬಹುದು. ಊರಿನಲ್ಲಿ ಅತ್ತೆ-ಮಾವಂದಿರು ತಮ್ಮ ಪಾಲು ಪಡೆದರೂ ಇಲ್ಲಿನವರ ಪಾಲು ಉಳಿದಿರುತ್ತದೆ. ಅತ್ತೆಗೆ ಫೋನು ಮಾಡಿ ಕಾರ್ಡಿನ ಸಂಖ್ಯೆ ಬರೆದುಕೊಂಡು, ಅಂಗಡಿಗೆ ಮೂರು ಸಲ ಅಲೆದ ಮೇಲೆ ಧಾನ್ಯ ಮನೆಗೆ ಬಂತು.

ಎಲ್ಲವೂ ಸುಖಾಂತ್ಯವಲ್ಲ. ಮಗುವಿನ ತೋಳು ಈಗ ಹಳದಿ ಭಾಗಕ್ಕೆ ಬಂದಿದೆ. ಆದರೆ ಹನ್ನೊಂದು ವರ್ಷದ ಅಕ್ಕ ಇನ್ನೂ ಶಾಲೆಗೆ ಹೋಗುತ್ತಿಲ್ಲ. ತಾಯಿ ದುಡಿಯಲು ಹೋದಾಗ ತಮ್ಮನನ್ನು ನೋಡಿಕೊಳ್ಳುವವಳು ಅವಳೇ. ವರ್ಗಾವಣೆ ಪತ್ರ ಇಲ್ಲವೆಂದು ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಾನೂನು ಶಾಲೆಯ ಬಾಗಿಲು ತೆರೆದರೂ ಕೈಗೂಸನ್ನು ಯಾರ ಮಡಿಲಲ್ಲಿ ಬಿಡುವುದು? ಕಾರ್ಯಕರ್ತೆಯ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದಿನ ಜಾಗ ಖಾಲಿಯೇ ಇದೆ.

ಹಿಂದೆ ಹೊಟೇಲು ಕೆಲಸಕ್ಕೆಂದು ಊರು ಬಿಟ್ಟು ಬಂದ ನಮ್ಮ ಹುಡುಗರನ್ನು ಕೈಹಿಡಿದು ಓದಿಸಿದ್ದು ಇದೇ ನಗರದ ಕನ್ನಡ ರಾತ್ರಿಶಾಲೆಗಳು. ಅಂದಿನ ಹಿರಿಯರಲ್ಲಿ ಹಣಕ್ಕಿಂತ ಕಳಕಳಿಯೇ ಹೆಚ್ಚಿತ್ತು. ಇಂದು ನಮ್ಮ ಸಂಘಗಳಲ್ಲಿ ಮಹಿಳಾ ವಿಭಾಗಗಳಿವೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಶಿಕ್ಷಕಿಯರಿದ್ದಾರೆ. ಅರ್ಜಿ ತುಂಬಿಸಲು, ಆಸ್ಪತ್ರೆಯಲ್ಲಿ ಜೊತೆಗೆ ಕೂರಲು, ಆ ಹುಡುಗಿ ಶಾಲೆಯಲ್ಲಿರುವಷ್ಟು ಹೊತ್ತು ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಲು ಇವರಲ್ಲಿ ಕೆಲವರು ಮುಂದೆ ಬಂದರೂ ಸಾಕು.

ಹೊರಡುವಾಗ ಆ ತಾಯಿ ಬಾಗಿಲ ತನಕ ಬಂದು, "ಮತ್ತ ಬರ್ರಿ ಅಕ್ಕಾ" ಎಂದಳು. ಮೊದಲ ದಿನ ಅದೇ ಬಾಗಿಲು ಅರ್ಧ ಮಾತ್ರ ತೆರೆದಿತ್ತಂತೆ.