ಬಳ್ಳಾರಿಯ ಕಲ್ಲುಗಳು ಹೇಳುವ ಕಥೆ

ಮಂಗಳೂರಿಗೆ ಕಡಲುಂಟು. ಕಡಲಿನ ಮೇಲೆ ಹಡಗುಗಳು ಬಂದುವು. ಹಡಗುಗಳೊಡನೆ ಹಲವು ಭಾಷೆಗಳೂ ಹಲವು ಮತಗಳೂ ಬಂದುವು. ಅಂತಹ ಊರಿನಲ್ಲಿ ಜನವೈವಿಧ್ಯ ಕಂಡುಬಂದರೆ ಆಶ್ಚರ್ಯವಿಲ್ಲ. ಆದರೆ ಕಡಲಿನಿಂದ ಇನ್ನೂರು ಕಿಲೊಮೀಟರಿಗೂ ಹೆಚ್ಚು ದೂರದಲ್ಲಿ, ಬಿಸಿಲಿಗೂ ಬಂಡೆಗೂ ಹೆಸರಾದ ಬಳ್ಳಾರಿಯ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಬರುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ, ನಾವು ಚರಿತ್ರೆಯ ಪುಸ್ತಕಕ್ಕಿಂತ ಮೊದಲು ನಮ್ಮ ಕಾಲ ಕೆಳಗಿನ ಕಲ್ಲನ್ನು ನೋಡಬೇಕಾಗುತ್ತದೆ.

ಬಂಡೆಗಳು ಉರುಟಾದುದು ಹೇಗೆ?

ಬಳ್ಳಾರಿಯ ಸುತ್ತಲಿನ ಗುಡ್ಡಗಳು ಯಾರೋ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ. ಇವು ಗ್ರಾನೈಟ್ ಜಾತಿಯ ಶಿಲೆಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ್ದ ದ್ರವವು ನಿಧಾನವಾಗಿ ತಣಿದು ಗಟ್ಟಿಯಾದಂಥವು. ಮೇಲಿನ ಪದರಗಳು ಕಾಲಾಂತರದಲ್ಲಿ ಸವೆದುಹೋಗಲು, ಭಾರ ಕಳೆದುಕೊಂಡ ಈ ಶಿಲೆ ಬಿರುಕುಬಿಟ್ಟು ದೊಡ್ಡ ದೊಡ್ಡ ಇಟ್ಟಿಗೆಗಳಂತೆ ವಿಭಾಗವಾಯಿತು. ಬಿರುಕುಗಳಲ್ಲಿ ನೀರು ಇಳಿಯಿತು. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ನೀರು ಮೆಲ್ಲಮೆಲ್ಲನೆ ಜೇಡಿಮಣ್ಣಾಗಿ ಮಾರ್ಪಡಿಸುತ್ತದೆ.

ಒಂದು ಅಚ್ಚು ಬೆಲ್ಲವನ್ನು ನೀರಿನಲ್ಲಿಟ್ಟು ನೋಡಿರಿ. ಮೊದಲು ಕರಗುವುದು ಅದರ ಮೂಲೆಗಳು. ಮೂಲೆಯನ್ನು ನೀರು ಮೂರು ಕಡೆಯಿಂದ ಮುತ್ತುತ್ತದೆ, ಅಂಚನ್ನು ಎರಡು ಕಡೆಯಿಂದ, ಮುಖವನ್ನು ಒಂದೇ ಕಡೆಯಿಂದ. ಆದುದರಿಂದ ಚೌಕವಾಗಿದ್ದ ಅಚ್ಚು ಕ್ರಮೇಣ ಉರುಟಾಗುತ್ತದೆ. ನೆಲದೊಳಗಿನ ಗ್ರಾನೈಟಿಗೂ ಆದುದು ಇದೇ. ಬಳಿಕ ಮೇಲಿನ ಮಣ್ಣನ್ನು ಮಳೆ ತೊಳೆದುಕೊಂಡು ಹೋಯಿತು. ಗುಂಡುಗಳು ಮಾತ್ರ ಉಳಿದುವು.

ನುಡಿಯುವ ಶಿಲೆ

ಕಳೆದ ಚಳಿಗಾಲದಲ್ಲಿ ನಾವು ಕೆಲವು ವಿದ್ಯಾರ್ಥಿಗಳೊಡನೆ ಊರ ಹೊರಗಿನ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಿಗೆ ಹೋಗಿದ್ದೆವು. ಅಲ್ಲಿ ಗ್ರಾನೈಟನ್ನು ಸೀಳಿಕೊಂಡು ಡಾಲರೈಟ್ ಎಂಬ ಕಪ್ಪು ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಒಂದು ಕಪ್ಪು ಗುಂಡನ್ನು ತೋರಿಸಿ, ಚಿಕ್ಕದೊಂದು ಕಲ್ಲಿನಿಂದ ಮೆಲ್ಲನೆ ತಟ್ಟಿದರು. ಗುಡಿಯ ಗಂಟೆಯಂತೆ ನಾದವೆದ್ದಿತು! ‘ಸಾರ್, ಈ ಕಲ್ಲು ಟೊಳ್ಳೇ?’ ಎಂದು ಒಬ್ಬ ಹುಡುಗ ಕೇಳಿದ.

ಟೊಳ್ಳಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ಬಡಿದು ನೋಡುತ್ತಾರಷ್ಟೆ. ಕಣ್ಣಿಗೆ ಕಾಣದ ಬಿರುಕೊಂದಿದ್ದರೂ ‘ಟಣ್’ ಎನ್ನಬೇಕಾದ ಮಡಕೆ ‘ಡಬ್’ ಎನ್ನುತ್ತದೆ. ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯು ಶಾಖವಾಗಿ ವ್ಯಯವಾಗುವುದೇ ಇದಕ್ಕೆ ಕಾರಣ. ಹಳೆಯ ಗ್ರಾನೈಟ್ ಗುಂಡುಗಳಲ್ಲಿ ಇಂತಹ ಸೂಕ್ಷ್ಮ ಬಿರುಕುಗಳು ಹೇರಳ. ಡಾಲರೈಟಿನಲ್ಲಿಯಾದರೋ ಸಣ್ಣ ಹರಳುಗಳು ಒಂದರೊಳಗೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಅಂತಹ ಗುಂಡು ಎರಡು ಮೂರು ಕಡೆ ಮಾತ್ರ ನೆಲಕ್ಕೆ ತಾಗಿಕೊಂಡು ಉಳಿದಂತೆ ಬಿಡುವಾಗಿದ್ದರೆ, ಕಂಪನವು ಬೇಗ ಅಡಗದೆ ನಾದವಾಗಿ ನಮ್ಮ ಕಿವಿಗೆ ಬರುತ್ತದೆ.

ಈ ಬಂಡೆಗಳ ಮೇಲೆ ಬಟ್ಟಲಿನಂತಹ ತಗ್ಗುಗಳಿವೆ. ಮತ್ತೆ ಮತ್ತೆ ಬಡಿದುದರಿಂದ ಆದ ತಗ್ಗುಗಳವು. ಮೂರು–ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ಬಾಳಿದ ನವಶಿಲಾಯುಗದ ಜನರು ಇದೇ ಡಾಲರೈಟಿನಿಂದ ಕೊಡಲಿಗಳನ್ನು ಮಾಡಿದರು, ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ ಚಿತ್ರಗಳನ್ನು ಕುಟ್ಟಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿಯೂ ಇದೇ ಯುಗದ ಜನರ ನೆಲೆಯನ್ನು 1960ರ ದಶಕದಲ್ಲಿ ಅಗೆದು ಶೋಧಿಸಲಾಯಿತು.

ಹೊಸಪೇಟೆಯ ದಾರಿಯಲ್ಲಿ ಸಿಗುವ ಕುಡತಿನಿಯ ಬೂದಿಗುಡ್ಡವೂ ಆ ಜನರದೇ ಕುರುಹು. ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಿದ್ದರು. ಆದರೆ ಇದು ಸೆಗಣಿಯ ಬೂದಿಯಾಗಿರಬೇಕೆಂದು 19ನೆಯ ಶತಮಾನದಲ್ಲಿಯೇ ರಾಬರ್ಟ್ ಬ್ರೂಸ್ ಫುಟ್ ಊಹಿಸಿದ್ದನು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಂತಹದೇ ದಿಬ್ಬವೊಂದನ್ನು ಅಗೆಸಿದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ದೊರೆತುವು. ದೊಡ್ಡಿಯ ಸೆಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಈ ದಿಬ್ಬಗಳು ಬೆಳೆದುವು.

ಕಲ್ಲಿನಿಂದ ಕೋಟೆಗೆ

ಕಲ್ಲಿದ್ದ ಕಡೆ ಆಶ್ರಯವುಂಟು. ಆಶ್ರಯವಿದ್ದ ಕಡೆ ರಾಜ್ಯವುಂಟು. ಕುರುಗೋಡಿನ ಗುಡ್ಡಗಳ ಬಳಿ 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಸಿಂದರು ಆಳಿದರು. ಅಲ್ಲಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಒಂದೇ ಬಂಡೆಯಿಂದ ಮೂಡಿದ ಬೃಹತ್ ಬಸವಣ್ಣನನ್ನು ಕಂಡವರಿಗೆ, ಬಿರುಕಿಲ್ಲದ ಕಲ್ಲನ್ನು ಆರಿಸುವುದರಲ್ಲಿ ನಮ್ಮ ಶಿಲ್ಪಿಗಳಿಗಿದ್ದ ಜ್ಞಾನವು ತಾನೇ ತಿಳಿಯುತ್ತದೆ. ಬಳ್ಳಾರಿ ಗುಡ್ಡದ ಮೇಲುಕೋಟೆಯನ್ನು ಹನುಮಪ್ಪ ನಾಯಕನು ಕಟ್ಟಿಸಿದನು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿ ಕೆಳಕೋಟೆಯನ್ನು ಕಟ್ಟಿಸಿದನು. ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವೆಂದು ಆಮೇಲೆ ತಿಳಿದು, ಹೈದರನು ತನ್ನ ಫ್ರೆಂಚ್ ಶಿಲ್ಪಿಯನ್ನು ಗಲ್ಲಿಗೇರಿಸಿದನೆಂದು ಊರಿನ ಐತಿಹ್ಯ. ಅದು ನಿಜವೋ ಕಟ್ಟುಕಥೆಯೋ, ಅಳೆಯದೆ ಕಟ್ಟಬಾರದೆಂಬ ಪಾಠ ಮಾತ್ರ ಅದರಲ್ಲಿದೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. ಅಲ್ಲಿಂದ 1953ರವರೆಗೆ ಬಳ್ಳಾರಿಯು ಮದ್ರಾಸಿಗೆ ಸೇರಿತ್ತು. ದಂಡಿನ ಪಾಳೆಯ ಬಂದಿತು; ಅದರೊಡನೆ ತಮಿಳರೂ ಬಂದರು. ಕನ್ನಡ–ತೆಲುಗು ಸೀಮೆಗಳ ಗಡಿಯ ಮೇಲೆಯೇ ಊರು ಬೆಳೆಯಿತು. ವಕೀಲರೂ ನಟರೂ ಆಗಿದ್ದ ಬಳ್ಳಾರಿ ರಾಘವರು (1880–1946) ಎರಡೂ ಭಾಷೆಗಳ ರಂಗದ ಮೇಲೆ ಕೀರ್ತಿ ಪಡೆದರು. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು: ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ, ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೂ ಸೇರಿದುವು. ಗಡಿಯ ಗೆರೆ ಬಿದ್ದಿತು. ಪೇಟೆಯ ಮಾತು ಮಾತ್ರ ಬದಲಾಗಲಿಲ್ಲ.

ಕಡಲಿನಿಂದ ಬಂದ ನೀರು

ಅರಬ್ಬೀ ಸಮುದ್ರದ ಮೋಡಗಳು ಪಶ್ಚಿಮಘಟ್ಟವನ್ನು ಏರುವಾಗ ತಣಿದು ಮಳೆಗರೆಯುತ್ತವೆ. ಘಟ್ಟವಿಳಿದು ಬಳ್ಳಾರಿಗೆ ಬರುವ ವೇಳೆಗೆ ಅವುಗಳಲ್ಲಿ ಉಳಿಯುವುದು ಸ್ವಲ್ಪವೇ. ವರ್ಷಕ್ಕೆ ಇಲ್ಲಿ ಸುಮಾರು 500 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ ಅದರ ಏಳು ಪಟ್ಟು. 1876–78ರ ಘೋರ ಕ್ಷಾಮವು ಈ ಸೀಮೆಯನ್ನು ಹಿಂಡಿತು. ಆದರೆ ಅದೇ ಘಟ್ಟದ ಮೇಲೆ ಬಿದ್ದ ನೀರು ತುಂಗಭದ್ರೆಯಾಗಿ ಸಿರುಗುಪ್ಪದ ಬದಿಯಲ್ಲಿ ಹರಿಯುತ್ತದೆ. ವಿಜಯನಗರದವರು ಅಣೆಕಟ್ಟು, ಕಾಲುವೆಗಳಿಂದ ಅದನ್ನು ಹೊಲಕ್ಕೆ ತಂದರು; 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯವು ಸಿರುಗುಪ್ಪವನ್ನು ಬತ್ತದ ಕಣಜವನ್ನಾಗಿಸಿತು. ಆ ಜಲಾಶಯದಲ್ಲಿ ಮೊದಲು 133 ಶತಕೋಟಿ ಘನ ಅಡಿ ನೀರು ಹಿಡಿಯುತ್ತಿತ್ತು; ಹೂಳು ತುಂಬಿ 2016ರ ಅಳತೆಯ ವೇಳೆಗೆ ಅದು ಸುಮಾರು 105ಕ್ಕೆ ಇಳಿದಿತ್ತು. 2024ರ ಆಗಸ್ಟಿನಲ್ಲಿ ಅದರ 19ನೆಯ ಗೇಟೇ ಕೊಚ್ಚಿಹೋಯಿತು. ಕಡಲಿಲ್ಲದ ನಾಡಿಗೆ ಕಡಲು ಕಳಿಸುವ ನೀರು ಎಷ್ಟು ಅಮೂಲ್ಯವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಒಮ್ಮೆ ಒಡೆದರೆ

ಹೂಳನ್ನು ಎತ್ತಬಹುದು, ಗೇಟನ್ನು ಮತ್ತೆ ಕೂಡಿಸಬಹುದು. ಒಡೆದ ಬಂಡೆಯನ್ನು ಮಾತ್ರ ಕೂಡಿಸಲಾಗದು. ಕುಪ್ಪಗಲ್ಲಿನ ಚಿತ್ರಗಳನ್ನೂ ನುಡಿಯುವ ಕಲ್ಲುಗಳನ್ನೂ 1892ರಲ್ಲಿಯೇ ಫಾಸೆಟ್ ಎಂಬವನು ವರ್ಣಿಸಿದ್ದನು. ಆಮೇಲೆ ವಿದ್ವಾಂಸರು ಅವನ್ನು ಬಹುಕಾಲ ಮರೆತರು. 2004ರಲ್ಲಿ ನಿಕೋಲ್ ಬೊಯಿವಿನ್ ಎಂಬ ಪುರಾತತ್ತ್ವಜ್ಞೆ ಅವುಗಳ ವಿಷಯ ಮತ್ತೆ ಪ್ರಕಟಿಸಿದಾಗ, ಜಲ್ಲಿಗಾಗಿಯೂ ಚಪ್ಪಡಿಗಾಗಿಯೂ ಗುಡ್ಡವನ್ನು ಒಡೆಯುತ್ತಿರುವುದರಿಂದ ಇವಕ್ಕೆ ಅಪಾಯವಿದೆಯೆಂದು ಎಚ್ಚರಿಸಿದರು.

ಮನೆ ಕಟ್ಟಲು ಕಲ್ಲು ಬೇಕು, ಕಲ್ಲು ಒಡೆಯುವವನಿಗೆ ಕೂಲಿ ಬೇಕು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಿಲ್ಲೆಯಲ್ಲಿ ಬರಿಯ ಕಲ್ಲಿನ ಗುಡ್ಡಗಳು ಬೇಕಾದಷ್ಟುಂಟು. ನಾದವುಳ್ಳ ಗುಡ್ಡ ಇದೊಂದೇ ನಮಗೆ ಗೊತ್ತಿರುವುದು. ಬಳ್ಳಾರಿಯಲ್ಲಿ ಬ್ರೂಸ್ ಫುಟ್‌ನ ಹೆಸರಿನ ಪುರಾತತ್ತ್ವ ವಸ್ತುಸಂಗ್ರಹಾಲಯವೊಂದಿದೆ. ವಿದ್ಯಾರ್ಥಿಗಳು ಮೊದಲು ಅದನ್ನು ನೋಡಿ, ಅನಂತರ ಗುಡ್ಡಕ್ಕೆ ಹೋಗಲಿ; ಸುತ್ತಿಗೆಯನ್ನೂ ಬಣ್ಣವನ್ನೂ ಒಯ್ಯದಿರಲಿ. ಅಂದು ನಮ್ಮೊಡನಿದ್ದ ಆ ಹುಡುಗನು ಹೊರಡುವ ಮುನ್ನ ಬಂಡೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಿದ್ದ. ಮೂರು ಸಾವಿರ ವರ್ಷಗಳ ಹಿಂದೆ ಬೇರೊಬ್ಬ ಹುಡುಗ ಕೇಳಿದ ಸ್ವರವನ್ನೇ ಅವನೂ ಕೇಳಿದನು. ಮುಂದಿನವರಿಗೂ ಅದು ಕೇಳಬೇಕಾದರೆ, ಬಂಡೆಯು ಇರುವಲ್ಲಿಯೇ ಇರಬೇಕು.